ಸಂದಿನ ಲೆಕ್ಕ

ಅಕ್ಕನ ಮಗಳು ಬೆಲ್ಜಿಯಂನಿಂದ ಒಂದು ಚಿತ್ರ ಕಳಿಸಿದ್ದಾಳೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ತೆಗೆದದ್ದು, ಬರೀ ಬೂದು ಬಣ್ಣ. ಅಡ್ಡ ಗೆರೆಗಳು, ಉದ್ದ ಗೆರೆಗಳು, ಅವು ದಾಟುವಲ್ಲೆಲ್ಲ ಬಾಗಿದ ಒಂದು ಪಟ್ಟಿ, ಪಟ್ಟಿಯ ಪಕ್ಕದಲ್ಲಿ ಮಡಿಚಿದ ಸ್ಪ್ರಿಂಗಿನಂಥ ಕಾಲುಗಳು. ಕೆಳಗೆ ಒಂದು ಸಾಲು: "ಮಾಮ, ಇದೇನು ಹೇಳಿ ನೋಡೋಣ."

"ಕ್ರಾಸ್‌ಬಾರ್" ಎಂದು ಬರೆದೆ. ಅರ್ಧ ಗಂಟೆ ಸದ್ದಿಲ್ಲ. ಆಮೇಲೆ ಬಂತು: "ನಿಮಗೆ ಹೇಗೆ ಗೊತ್ತು?"

ಹೇಗೆ ಗೊತ್ತು ಅಂದರೆ ಏನು ಹೇಳಲಿ. ಮೂವತ್ತೈದು ವರ್ಷ ಟೆಲಿಫೋನ್ ಇಲಾಖೆಯ ಅನ್ನ ತಿಂದವನು. ಅಡ್ಡಸಾಲಿನಲ್ಲಿ ಕರೆ ಒಳಗೆ ಬರುತ್ತದೆ, ಉದ್ದಸಾಲಿನಲ್ಲಿ ಹೊರಗೆ ಹೋಗುತ್ತದೆ, ಎರಡೂ ದಾಟುವ ಜಾಗದಲ್ಲಿ ಒಂದೊಂದು ಕಾಂಟ್ಯಾಕ್ಟ್. ಕನಸಿನಲ್ಲಿ ಕಂಡರೂ ಗುರುತು ಹಿಡಿಯುತ್ತೇನೆ. ಬೆಂಗಳೂರಿನ ದೂರವಾಣಿನಗರದ ಐಟಿಐ ಕಾರ್ಖಾನೆಯವರು ಮೊದಲು ಸ್ಟ್ರೌಜರ್ ಮಾಡಿದರು, ಆಮೇಲೆ ಕ್ರಾಸ್‌ಬಾರ್ ಮಾಡಿದರು. ಆ ಕ್ರಾಸ್‌ಬಾರಿನ ವಿದ್ಯೆ ಬಂದದ್ದೂ ಅರವತ್ತರ ದಶಕದಲ್ಲಿ ಬೆಲ್ಜಿಯಂನಿಂದಲೇ. ಆಗ ಅದು ಬೀರುವಿನಷ್ಟು ಎತ್ತರದ ರ‍್ಯಾಕುಗಳಲ್ಲಿ ನಿಂತಿರುತ್ತಿತ್ತು. ಇದು ಉಗುರಿನಗಲದ ಸಿಲಿಕಾನ್ ಚೂರು, ಮತ್ತು ಗೆರೆಗಳೊಳಗೆ ಓಡುವುದು ಬೆಳಕು.

*

ಬೆಳಕು ಓಡಲಿ, ಅದಕ್ಕೆ ನನ್ನ ತಕರಾರಿಲ್ಲ. ನಿದ್ದೆ ಕೆಡಿಸಿದ್ದು ಬೇರೆ ಮಾತು: ಆ ಬಾಗಿದ ಪಟ್ಟಿ ಅಲ್ಲಾಡುತ್ತದಂತೆ!

ನಾನು ಕೆಲಸಕ್ಕೆ ಸೇರಿದಾಗ ಎಕ್ಸ್‌ಚೇಂಜು ಅಂದರೆ ಸದ್ದು. ಸ್ಟ್ರೌಜರ್ ಸಿಲೆಕ್ಟರ್ ಮೊದಲು ಮೇಲಕ್ಕೆ ಹತ್ತುತ್ತದೆ, ಆಮೇಲೆ ಪಕ್ಕಕ್ಕೆ ತಿರುಗುತ್ತದೆ. ಹತ್ತು ಮೆಟ್ಟಿಲು, ಮೆಟ್ಟಿಲಿಗೆ ಹತ್ತು ಕಾಂಟ್ಯಾಕ್ಟ್. ಸಾವಿರಾರು ಸಿಲೆಕ್ಟರುಗಳು ಒಟ್ಟಿಗೆ ಹತ್ತಿ ಇಳಿಯುವಾಗ ಹಂಚಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ. ಇದನ್ನು ಕಂಡುಹಿಡಿದ ಆಲ್ಮನ್ ಸ್ಟ್ರೌಜರ್ ಅಮೆರಿಕದ ಕಾನ್ಸಸ್ ಸಿಟಿಯಲ್ಲಿ ಹೆಣ ಸಾಗಿಸುವ ವ್ಯಾಪಾರದವನು, ಪೇಟೆಂಟ್ ಸಿಕ್ಕಿದ್ದು 1891ರಲ್ಲಿ. ಎದುರಾಳಿ ವ್ಯಾಪಾರಿಯ ಹೆಂಡತಿ ಟೆಲಿಫೋನ್ ಆಪರೇಟರ್ ಆಗಿದ್ದು, ಸಾವಿನ ಕರೆಗಳನ್ನೆಲ್ಲ ಗಂಡನಿಗೇ ಕೊಡುತ್ತಿದ್ದಳು, ಅದಕ್ಕೇ ಈತ ಮನುಷ್ಯರಿಲ್ಲದ ಸ್ವಿಚ್ ಮಾಡಿದ ಎಂದು ಕತೆ. ಟ್ರೇನಿಂಗಿನಲ್ಲಿ ನಮಗೆ ನಿದ್ದೆ ಹತ್ತಬಾರದೆಂದು ಹೇಳುತ್ತಿದ್ದ ಕತೆ.

1986ರ ಜುಲೈನಲ್ಲಿ ಕಿತ್ತೂರಿನಲ್ಲಿ ಸಿ-ಡಾಟ್‌ನವರ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜು ಶುರುವಾದಾಗ ನಮ್ಮ ನಡುವೆ ಒಂದೇ ಮಾತು: ಒಳಗೆ ಏನೂ ಅಲ್ಲಾಡುವುದಿಲ್ಲವಂತೆ, ಎಸಿಯೂ ಬೇಡವಂತೆ. ಅಲ್ಲಾಡದಿದ್ದರೆ ಸವೆಯುವುದಿಲ್ಲ, ಸವೆಯದಿದ್ದರೆ ನಾವು ಯಾಕೆ? ಆ ಭಯ ಇತ್ತು, ಹೆಮ್ಮೆಯೂ ಇತ್ತು. ಎರಡನ್ನೂ ಒಂದೇ ಟೀ ಗ್ಲಾಸಿನಲ್ಲಿ ಕುಡಿದೆವು. ಆಮೇಲೆ ಸುತ್ತಲಿನ ರ‍್ಯಾಕುಗಳು ಒಂದೊಂದಾಗಿ ಗುಜರಿಗೆ ಹೋದವು.

ನಲವತ್ತು ವರ್ಷ ಕಳೆದ ಮೇಲೆ ಈ ಹುಡುಗಿ ಹೇಳುತ್ತಾಳೆ, ಅಲ್ಲಾಡುವುದೇ ಒಳ್ಳೆಯದು ಅಂತ.

*

ಅರ್ಥವಾದಷ್ಟನ್ನು ಬರೆದಿಟ್ಟುಕೊಳ್ಳುತ್ತೇನೆ.

ಗಾಜಿನಂಥ ತಳದ ಮೇಲೆ ಸಿಲಿಕಾನಿನ ಸಣ್ಣ ಏರಿ. ಎತ್ತರ ಸಾಮಾನ್ಯವಾಗಿ 220 ನ್ಯಾನೊಮೀಟರ್, ಅಗಲ ಅರ್ಧ ಮೈಕ್ರಾನಿನ ಸುಮಾರು. ಒಂದು ತಲೆಗೂದಲಿನ ಅಗಲದಲ್ಲಿ ಇಂಥವನ್ನು ನೂರಕ್ಕೂ ಮಿಕ್ಕಿ ಮಗ್ಗುಲುಮಗ್ಗುಲಾಗಿ ಇಡಬಹುದು. ನಮ್ಮ ಕಣ್ಣಿಗೆ ಸಿಲಿಕಾನು ಕರಿಬೂದು ಲೋಹದ ಹಾಗೆ ಕಾಣುತ್ತದೆ. ಆದರೆ ಫೈಬರಿನಲ್ಲಿ ಓಡುವ 1.55 ಮೈಕ್ರಾನಿನ ಕಾಣದ ಬೆಳಕಿಗೆ ಅದು ತಿಳಿನೀರು. ಅದರ ವಕ್ರೀಭವನ ಸೂಚ್ಯಂಕ 3.5ರ ಹತ್ತಿರ, ಸುತ್ತಲಿನ ಗಾಜಿನದು 1.44, ಗಾಳಿಯದು 1. ಇಷ್ಟು ವ್ಯತ್ಯಾಸ ಇರುವುದರಿಂದ ಬೆಳಕು ಏರಿಯೊಳಗೇ ಬಂದಿ, ಕೆಲವೇ ಮೈಕ್ರಾನಿನ ತಿರುವಿನಲ್ಲೂ ಆಚೆ ಚೆಲ್ಲುವುದಿಲ್ಲ.

"ಅಂದರೆ ಕಾಲುವೆ" ಅಂದೆ.

"ಹೂಂ ಮಾಮ, ಕಾಲುವೆ."

"ಹಾಗಾದರೆ ಸ್ವಿಚ್ ಅಂದರೆ ತೂಬು."

ನಮ್ಮಜ್ಜನ ಊರಿನ ಕೆರೆಯಲ್ಲಿ ನೀರುಗಂಟಿ ಇದ್ದ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನ ಮಾಡುವವನು. ತೂಬು ಎತ್ತುತ್ತಾನೆ, ಮಡೆ ಕಟ್ಟುತ್ತಾನೆ, ಮಡೆ ಒಡೆಯುತ್ತಾನೆ. ನನ್ನ ತಲೆಯಲ್ಲಿ ಆ ಚಿತ್ರ ಸರಿಯಾಗಿ ಕೂತಿತ್ತು. ಅವಳು ಕೆಡವಿದಳು.

"ತೂಬಲ್ಲ. ಎರಡು ಕಾಲುವೆ ಇದಾವೆ ಅಂದ್ಕೊಳ್ಳಿ, ನಡುವೆ ಗಟ್ಟಿ ಬದು. ಬದುವಿನಲ್ಲಿ ಒಂದು ತೂತೂ ಇಲ್ಲ. ಎರಡನೇ ಕಾಲುವೆನೇ ಎತ್ತಿ ಒಂದನೇದರ ಹತ್ತಿರ ತಂದ್ರೆ ನೀರೆಲ್ಲ ಬದು ದಾಟಿ ಆ ಕಡೆ ಹೋಗುತ್ತೆ. ದೂರ ಮಾಡಿದ್ರೆ ಹೋಗಲ್ಲ."

ಮುಟ್ಟಿಸುವುದಿಲ್ಲವೇ? ಮುಟ್ಟಿಸುವುದಿಲ್ಲ. ಹತ್ತಿರ, ಅಷ್ಟೇ. ಮೂವತ್ತೈದು ವರ್ಷ ನಾನು ಮಾಡಿದ್ದು ಒಂದೇ ಕೆಲಸ: ಮುಟ್ಟಬೇಕಾದ ಕಾಂಟ್ಯಾಕ್ಟು ಸರಿಯಾಗಿ ಮುಟ್ಟುವಂತೆ ನೋಡಿಕೊಳ್ಳುವುದು. ಮುಟ್ಟದೆ ಕೆಲಸ ಮಾಡುವ ಕಾಂಟ್ಯಾಕ್ಟನ್ನು ಹೇಗೆ ನಂಬಲಿ?

*

ಅವಳು ಒಂದು ಪ್ರಯೋಗ ಹೇಳಿದಳು. ಗಾಜಿನ ಲೋಟ ಬೇಕು. ನಮ್ಮ ಮನೆಯಲ್ಲಿ ಎಲ್ಲ ಸ್ಟೀಲು. ಷೋಕೇಸಿನಲ್ಲಿದ್ದ ಮದುವೆ ಉಡುಗೊರೆಯ ಲೋಟ ತೆಗೆದು, ಮುಕ್ಕಾಲು ನೀರು ತುಂಬಿ, ಕೈಯಲ್ಲಿ ಹಿಡಿದು, ಮೇಲಿನಿಂದ ಓರೆಯಾಗಿ ಒಳಗೋಡೆಯನ್ನು ನೋಡಿದೆ.

ಗೋಡೆ ಬೆಳ್ಳಿ. ಕನ್ನಡಿಯ ಹಾಗೆ ಹೊಳೆಯುತ್ತದೆ, ಹೊರಗೆ ಹಿಡಿದಿರುವ ನನ್ನ ಬೆರಳುಗಳೇ ಕಾಣುವುದಿಲ್ಲ. ಬೆರಳನ್ನು ಒದ್ದೆ ಮಾಡಿ ಲೋಟದ ಹೊರಗಿನಿಂದ ಒತ್ತಿ ಹಿಡಿದೆ. ಬೆಳ್ಳಿಯ ನಡುವೆ ಬೆರಳಿನ ಗೆರೆಗಳು ಎದ್ದು ಬಂದವು, ಸುರುಳಿ ಸುರುಳಿಯಾಗಿ, ಮುದ್ರೆ ಒತ್ತಿದ ಹಾಗೆ. ಗೆರೆಗೂ ಗೆರೆಗೂ ನಡುವಿನ ತಗ್ಗು ಮಾತ್ರ ಬೆಳ್ಳಿಯಾಗಿಯೇ ಉಳಿಯಿತು. ಹೆಂಡತಿ ಬಂದು, ಖಾಲಿ ಲೋಟದೊಳಗೆ ಇಣುಕುವವರನ್ನು ಕಂಡಿದ್ದೆ, ತುಂಬಿದ್ದರಲ್ಲಿ ಇಣುಕುವವರನ್ನು ಕಂಡಿರಲಿಲ್ಲ ಅಂದಳು.

ನಡೆದದ್ದು ಇದು. ಗಾಜಿನೊಳಗಿಂದ ಬಂದ ಬೆಳಕು ಗಾಳಿ ಸಿಕ್ಕ ಕಡೆ ಪೂರ್ತಿ ವಾಪಸ್ಸು. ಹಾಗೆ ವಾಪಸ್ಸಾಗುವ ಮುಂಚೆ ಅದು ಹೊಸ್ತಿಲಾಚೆ ಒಂದಿಷ್ಟು ಕಾಲು ಚಾಚುತ್ತದೆ. ಚಾಚುವ ದೂರ ಅದರ ಅಲೆಯುದ್ದಕ್ಕಿಂತ ಕಡಿಮೆ. ಆ ದೂರದೊಳಗೆ ಇನ್ನೊಂದು ವಸ್ತು ಸಿಕ್ಕಿತೋ, ಬೆಳಕು ಅದರೊಳಗೆ ಹೊಕ್ಕುಬಿಡುತ್ತದೆ. ಸಿಗದಿದ್ದರೆ ಏನೂ ಆಗದವರ ಹಾಗೆ ಹಿಂದಕ್ಕೆ.

*

ಇದು ಹೊಸ ಸಂಗತಿಯೂ ಅಲ್ಲ. ನ್ಯೂಟನ್ ಒಂದು ಪಟ್ಟಕಕ್ಕೆ ಸ್ವಲ್ಪ ಉಬ್ಬಿದ ಮಸೂರ ಒತ್ತಿ ನೋಡಿದ್ದ: ಎರಡೂ ಮುಟ್ಟಿದ ಜಾಗ ಮಾತ್ರವಲ್ಲ, ಅದರ ಸುತ್ತ ಮುಟ್ಟದ ಜಾಗದಲ್ಲೂ ಬೆಳಕು ದಾಟಿತ್ತು. 1897ರಲ್ಲಿ ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನ ಜಗದೀಶಚಂದ್ರ ಬೋಸರು ಅದನ್ನೇ ರೇಡಿಯೋ ಅಲೆಗಳಲ್ಲಿ ಅಳೆದರು. ಎರಡು ಗಾಜಿನ ಪಟ್ಟಕ, ನಡುವೆ ಗಾಳಿಯ ಸಂದು. ಸಂದು ಹಿಗ್ಗಿಸಿದರೆ ಅಲೆ ಪ್ರತಿಫಲಿಸಿ ಪಕ್ಕಕ್ಕೆ, ಕುಗ್ಗಿಸಿದರೆ ನೇರ ಆಚೆಗೆ. ಅವರ ಅಲೆಗಳು ಸೆಂಟಿಮೀಟರ್ ಲೆಕ್ಕದವು, ಆದ್ದರಿಂದ ಸಂದು ಕೈಯಲ್ಲಿ ಹೊಂದಿಸುವಷ್ಟು ದೊಡ್ಡದು, ಮಿಲಿಮೀಟರ್ ಲೆಕ್ಕ.

ಅಂದರೆ ಬೋಸರ ಮೇಜಿನ ಮೇಲಿದ್ದದ್ದು ಸ್ವಿಚ್ಚೇ. ಅಲೆಯನ್ನು ಹತ್ತು ಸಾವಿರ ಪಟ್ಟು ಕುಗ್ಗಿಸಿ, ಸಂದನ್ನೂ ಅಷ್ಟೇ ಕುಗ್ಗಿಸಿದರೆ ಬೆಲ್ಜಿಯಂನ ಚಿತ್ರ. ಕುಗ್ಗಿಸುವುದಕ್ಕೆ ನೂರು ವರ್ಷಕ್ಕಿಂತ ಹೆಚ್ಚು ಬೇಕಾಯಿತು, ಯಾಕೆಂದರೆ ಹತ್ತನೇ ಒಂದು ಮೈಕ್ರಾನು ಸರಿಯುವ ಸ್ಕ್ರೂ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದನ್ನು ಸಿಲಿಕಾನಿನಲ್ಲೇ ಕೆತ್ತಬೇಕು.

*

ಸಿಲಿಕಾನಿನಲ್ಲಿ ಸ್ಪ್ರಿಂಗು! ನನಗೆ ಗೊತ್ತಿದ್ದ ಸಿಲಿಕಾನ್ ಎಂದರೆ ಕೆಳಗೆ ಬಿದ್ದರೆ ಬಿಸ್ಕತ್ತಿನ ಹಾಗೆ ಮುರಿಯುವ ಬಿಲ್ಲೆ. 1982ರಲ್ಲಿ ಕರ್ಟ್ ಪೀಟರ್ಸನ್ ಎಂಬ ಎಂಜಿನಿಯರ್, ಸಿಲಿಕಾನನ್ನು ಲೆಕ್ಕ ಮಾಡುವ ವಸ್ತು ಅಂದುಕೊಂಡಿದ್ದೀರಿ, ಅದು ಯಂತ್ರ ಮಾಡುವ ವಸ್ತು ಕೂಡ ಎಂದು ದೊಡ್ಡ ಪ್ರಬಂಧ ಬರೆದನಂತೆ. ಸಣ್ಣದಾಗಿ ತೆಳ್ಳಗೆ ಕೊರೆದರೆ ಚೆನ್ನಾಗಿ ಬಳುಕುತ್ತದೆ. ಹರಳು ಒಂದೇ ಆದ್ದರಿಂದ ಲೋಹದ ಸ್ಪ್ರಿಂಗಿನ ಹಾಗೆ ಬಳಸಿ ಬಳಸಿ ಸೋಲುವುದಿಲ್ಲ. ಬಗ್ಗಿದಷ್ಟೂ ವಾಪಸ್ಸು, ಇಲ್ಲವೇ ಚೂರು.

ಎಳೆಯುವುದಕ್ಕೆ ಕಾಯಿಲ್ ಇಲ್ಲ. ಒಣ ಕೂದಲು ಬಾಚಿದ ಬಾಚಣಿಗೆ ಕಾಗದದ ಚೂರನ್ನು ಎಳೆಯುತ್ತದಲ್ಲ, ಅದೇ ಬಲ. ಎರಡು ತಟ್ಟೆಗಳ ನಡುವೆ ಹತ್ತಾರು ವೋಲ್ಟ್ ಕೊಟ್ಟರೆ ಒಂದು ಇನ್ನೊಂದನ್ನು ಸೆಳೆಯುತ್ತದೆ. ನಮ್ಮ ಎಕ್ಸ್‌ಚೇಂಜಿನ ಬ್ಯಾಟರಿ 48 ವೋಲ್ಟ್ ಇತ್ತು. ವೋಲ್ಟಿನಲ್ಲಿ ಹತ್ತಿರದ ನೆಂಟರು. ಕರೆಂಟಿನಲ್ಲಿ ಸಂಬಂಧವೇ ಇಲ್ಲ: ಒಮ್ಮೆ ಎಳೆದು ಹಿಡಿದ ಮೇಲೆ ಇದು ಏನೂ ತಿನ್ನುವುದಿಲ್ಲ. ಮೊದಲಿನಿಂದ ಇದ್ದ ಇನ್ನೊಂದು ಬಗೆಯ ಸ್ವಿಚ್ಚಿನಲ್ಲಿ ಏನೂ ಅಲ್ಲಾಡುವುದಿಲ್ಲವಂತೆ. ಕಾಲುವೆಯ ಪಕ್ಕ ಹೀಟರ್ ಇಟ್ಟು ಸಿಲಿಕಾನಿನ ಗುಣವನ್ನು ಚೂರೇ ಚೂರು ಬದಲಿಸುವುದು. ಆದರೆ ಉರಿ ಆರಿಸುವಂತಿಲ್ಲ, ಒಬ್ಬರ ಬಿಸಿ ಪಕ್ಕದವರಿಗೂ ತಾಗುತ್ತದೆ. ಸಾವಿರಾರು ಸ್ವಿಚ್ಚು ಅಂದರೆ ಸಾವಿರಾರು ಒಲೆ.

*

ಒಂದು ಅನುಮಾನ. ಹತ್ತಿರ ತಂದರೆ ಸ್ವಲ್ಪ ಬೆಳಕು ದಾಟೀತು, ಸರಿ. ಪೂರ್ತಿ ಯಾಕೆ ದಾಟಬೇಕು?

ಒಂದೇ ಹಗ್ಗಕ್ಕೆ ಎರಡು ಲೋಲಕ ಕಟ್ಟಿ ಒಂದನ್ನು ತೂಗಿದರೆ, ತುಸು ಹೊತ್ತಿನಲ್ಲಿ ಅದು ನಿಂತು ಎರಡನೆಯದು ಪೂರ್ತಿ ತೂಗುತ್ತದೆ. ಹಾಗೆಯೇ ಇಲ್ಲೂ. ತೊಂದರೆ ಏನೆಂದರೆ ಇನ್ನೂ ತುಸು ಹೊತ್ತು ಬಿಟ್ಟರೆ ತೂಗು ಮೊದಲನೆಯದಕ್ಕೇ ವಾಪಸ್ಸು ಬರುತ್ತದೆ. ಜೋಡಿ ಓಡುವ ಉದ್ದ ಕರಾರುವಾಕ್ಕಾಗಿರಬೇಕು, ಸಂದೂ ಕರಾರುವಾಕ್ಕು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಮಿಂಗ್ ವೂ ಅವರ ತಂಡ ಇದಕ್ಕೆ ಒಂದು ಉಪಾಯ ಮಾಡಿತು: ಒಂದು ಕಾಲುವೆ ಮೆಲ್ಲಗೆ ಕಿರಿದಾಗುತ್ತ, ಇನ್ನೊಂದು ಮೆಲ್ಲಗೆ ಅಗಲವಾಗುತ್ತ ಹೋಗುತ್ತದೆ. ಬೆಳಕು ಯಾವಾಗಲೂ ಅಗಲದ ಕಡೆಗೆ ವಾಲುತ್ತದೆ, ವಾಲಿದ್ದು ಹಿಂದೆ ಬರುವುದಿಲ್ಲ. ಸಂದು ಅಷ್ಟಿಷ್ಟು ಹೆಚ್ಚುಕಡಿಮೆಯಾದರೂ ನಡೆದುಹೋಗುತ್ತದೆ. ಮೆಕ್ಯಾನಿಕನ ಕಷ್ಟ ತಿಳಿದವರು ಮಾಡಿದ ಡಿಸೈನು.

2016ರಲ್ಲಿ ಅವರು ಪ್ರಕಟಿಸಿದ್ದು 64 ಅಡ್ಡ, 64 ಉದ್ದದ ಜಾಲ, ಒಟ್ಟು 4,096 ಸ್ವಿಚ್ಚು. 2019ರಲ್ಲಿ 240ಕ್ಕೆ 240. ಒಂದೇ ಬಾರಿಗೆ ಅಚ್ಚು ಹಾಕಲಾಗದಷ್ಟು ದೊಡ್ಡದಾದ್ದರಿಂದ ಕೌದಿ ಹೊಲಿದ ಹಾಗೆ ತುಂಡು ತುಂಡಾಗಿ ಅಚ್ಚು ಹಾಕಿ ಸೇರಿಸಿದ್ದು. ಬೆಳಕು ಎಷ್ಟೇ ದಾಟುಗಳನ್ನು ಹಾದರೂ ತಿರುಗುವುದು ಒಮ್ಮೆ ಮಾತ್ರ. ಆದರೂ ದಾರಿಯ ಸವೆತ ಇದ್ದೇ ಇದೆ: 64ರ ಚಿಪ್ಪಿನೊಳಗೆ 3.7 ಡೆಸಿಬೆಲ್, ಅಂದರೆ ಹೊಕ್ಕ ಬೆಳಕಿನಲ್ಲಿ ಅರ್ಧಕ್ಕಿಂತ ಕಡಿಮೆ ಆಚೆ ಬರುತ್ತದೆ. 240ರದ್ದರಲ್ಲಿ ಅತಿ ಉದ್ದದ ದಾರಿಗೆ 9.8, ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲು. ಇದನ್ನು ಕೇಳಿ ನನಗೆ ಸಮಾಧಾನವಾಯಿತು. ಸೋರದ ಲೈನನ್ನು ನಾನು ಕಂಡೇ ಇಲ್ಲ.

*

ಈ ಟಿಪ್ಪಣಿ ಉದ್ದವಾಗಲಿ, ಯಾಕೆಂದರೆ ಇವತ್ತು ನಾನು ಅವಳಿಗಿಂತ ಮುಂಚೆ ಉತ್ತರ ಹೇಳಿದೆ.

ನಾನು ಕೇಳಿದ್ದು: 128ಕ್ಕೆ 128ರ ಜಾಲದಲ್ಲಿ 16,384 ಸ್ವಿಚ್ಚು. ಒಂದೊಂದಕ್ಕೂ ಒಂದೊಂದು ತಂತಿ ಎಳೆದರೆ ಆ ಚೂರು ಚಿಪ್ಪಿಗೆ 16,384 ತಂತಿ. ಎಲ್ಲಿ ಬೆಸುಗೆ ಹಾಕುತ್ತೀರಿ? ಅವಳು, ಅದಕ್ಕೊಂದು ಜಾಣ ಉಪಾಯ ಇದೆ ಮಾಮ, ತಟ್ಟೆಗಳ ಒಂದು ದುರ್ಗುಣವನ್ನೇ ಉಪಯೋಗ ಮಾಡ್ತಾರೆ ಅಂದಳು. ದುರ್ಗುಣ ಇದು. ವೋಲ್ಟೇಜು ಏರಿಸುತ್ತ ಹೋದಂತೆ ತಟ್ಟೆ ಮೆಲ್ಲಗೆ ಬಾಗುತ್ತ ಹೋಗುತ್ತದೆ. ಆದರೆ ಸಂದಿನ ಮೂರನೇ ಒಂದು ಪಾಲು ಕ್ರಮಿಸಿತೋ, ಸ್ಪ್ರಿಂಗು ಸೋಲುತ್ತದೆ, ತಟ್ಟೆ ಟಪ್ಪನೆ ಪೂರ್ತಿ ಒಳಕ್ಕೆ ಬೀಳುತ್ತದೆ. ಬಿದ್ದ ಮೇಲೆ ವೋಲ್ಟೇಜು ಸ್ವಲ್ಪ ಇಳಿಸಿದರೆ ಏಳುವುದಿಲ್ಲ, ಬಹಳ ಇಳಿಸಿದರೇ ಏಳುತ್ತದೆ...

"ಆಪರೇಟ್ ಕರೆಂಟು ಬೇರೆ, ಹೋಲ್ಡ್ ಕರೆಂಟು ಬೇರೆ" ಅಂದೆ.

"ಏನಂದ್ರಿ?"

ರಿಲೇ ಮುಟ್ಟಿದ ಯಾರಿಗಾದರೂ ಗೊತ್ತು. ಆರ್ಮೆಚರನ್ನು ಎಳೆಯುವುದಕ್ಕೆ ಹೆಚ್ಚು ಬೇಕು, ಎಳೆದದ್ದನ್ನು ಹಿಡಿದಿಡುವುದಕ್ಕೆ ಕಡಿಮೆ ಸಾಕು. ಹಾಗಾದರೆ ಎಲ್ಲ ಸ್ವಿಚ್ಚಿಗೂ ಹಿಡಿದಿಡುವಷ್ಟು ಮಾತ್ರ ಕೊಟ್ಟಿರಿ. ಬಿದ್ದದ್ದು ಬಿದ್ದೇ ಇರುತ್ತದೆ, ಎದ್ದದ್ದು ಎದ್ದೇ ಇರುತ್ತದೆ. ಈಗ ಏಳನೇ ಅಡ್ಡಸಾಲಿಗೆ ಚೂರು ಜಾಸ್ತಿ ಕೊಡಿ, ಮೂವತ್ತನೇ ಉದ್ದಸಾಲಿಗೆ ಚೂರು ಜಾಸ್ತಿ ಕೊಡಿ. ಒಂದೊಂದೇ ಸಾಲದು, ಎರಡೂ ಸೇರುವ ಒಂದೇ ಒಂದು ಜಾಗದಲ್ಲಿ ಸಾಲುತ್ತದೆ. ಅದು ಮಾತ್ರ ಬೀಳುತ್ತದೆ. ತಂತಿ ಎಷ್ಟಾಯಿತು? 128 ಮತ್ತು 128, ಒಟ್ಟು 256.

ಅವಳು ಸುಮ್ಮನಿದ್ದಳು. 2018ರಲ್ಲಿ ಬರ್ಕ್ಲಿಯವರು ಮಾಡಿ ತೋರಿಸಿದ್ದು ಇದೇ ಅಂತೆ. ನಾನು ಸ್ವಲ್ಪ ಹೊತ್ತು ಅಂಗಳದಲ್ಲಿ ಓಡಾಡಿದೆ. ಹೆಂಡತಿ ಯಾರ ಫೋನು ಅಂತ ಕೇಳಿದಳು.

*

ಕೆಟ್ಟರೆ ಹೇಗೆ ಕೆಡುತ್ತದೆ? ನನ್ನ ಕಸುಬಿನ ಪ್ರಶ್ನೆ.

ದೊಡ್ಡ ರೋಗ ಅಂಟಿಕೊಳ್ಳುವುದು. ಇಷ್ಟು ಸಣ್ಣ ಲೋಕದಲ್ಲಿ ತೂಕಕ್ಕೆ ಬೆಲೆಯಿಲ್ಲ, ಮೈಗೆ ಮೈ ತಾಗಿದರೆ ಮೇಲ್ಮೈಯ ಸೆಳೆತ ಬಿಡುವುದಿಲ್ಲ. ಅದಕ್ಕೇ ತಟ್ಟೆಯಡಿ ಸಣ್ಣ ಮೊಳಕೆಗಳನ್ನು ಬಿಟ್ಟಿರುತ್ತಾರೆ, ಪೂರ್ತಿ ಮೈ ತಾಗದ ಹಾಗೆ. ಆಫ್ ಇದ್ದಾಗ ಒಂದು ಮೈಕ್ರಾನಿನ ಸುಮಾರು ಇರುವ ಸಂದು, ಆನ್ ಆದಾಗ ನೂರು ನ್ಯಾನೊಮೀಟರಿಗಿಂತ ಕಡಿಮೆಗೆ ಬಂದು ಈ ಮೊಳಕೆಗಳ ಮೇಲೆ ಕೂರುತ್ತದೆ. ಬೆಳಕಿಗೆ ಮುಟ್ಟಿದಂತೆ, ಸಿಲಿಕಾನಿಗೆ ಮುಟ್ಟದಂತೆ.

ಹುಟ್ಟುವಾಗಲೇ ಸಾಯುವ ಸಾಧ್ಯತೆಯೂ ಇದೆ. ಪಟ್ಟಿ ತೇಲಬೇಕಾದರೆ ಅದರ ಕೆಳಗಿನ ಗಾಜಿನ ಪದರವನ್ನು ಕರಗಿಸಿ ತೆಗೆಯಬೇಕು. ದ್ರವದಲ್ಲಿ ಕರಗಿಸಿ ಹಾಗೇ ಒಣಗಲು ಬಿಟ್ಟರೆ, ಒದ್ದೆ ಕೂದಲು ಒಂದಕ್ಕೊಂದು ಅಂಟಿದ ಹಾಗೆ ಕೊನೆಯ ಹನಿ ಪಟ್ಟಿಯನ್ನು ತಳಕ್ಕೆ ಎಳೆದು ಅಂಟಿಸಿಬಿಡುತ್ತದೆ. ಆದ್ದರಿಂದ ಹೈಡ್ರೋಫ್ಲೋರಿಕ್ ಆಮ್ಲದ ಹಬೆಯಲ್ಲಿ ಕರಗಿಸುತ್ತಾರೆ. ಬೆಲ್ಜಿಯಂನ ಐಮೆಕ್ ಮತ್ತು ಗೆಂಟ್ ವಿಶ್ವವಿದ್ಯಾಲಯ, ಸ್ವೀಡನ್ನಿನ ಕೆಟಿಎಚ್ ಮುಂತಾದವರು ಸೇರಿದ ಮಾರ್ಫಿಕ್ ಎಂಬ ಯುರೋಪಿನ ಯೋಜನೆ ಹಿಡಿದ ದಾರಿಯೂ ಇದೇ. ಮಾಮೂಲಿ ಕಾರ್ಖಾನೆಯಲ್ಲಿ ಮಾಮೂಲಿಯಾಗಿ ಆದ ಚಿಪ್ಪನ್ನು ತಂದು, ಬೇಕಾದ ಜಾಗವನ್ನು ಮಾತ್ರ ಹಬೆಗೆ ಹಿಡಿದು ಬಿಡಿಸುವುದು.

ಮೇಜು ಗುದ್ದಿದರೆ ಕಾಲ್ ಕಟ್ ಆಗುವುದಿಲ್ಲವೇ ಎಂದೆ. ನಮ್ಮ ಸಿಲೆಕ್ಟರ್ ಸ್ವಲ್ಪ ವಾಲಿದರೂ ಮುನಿಸಿಕೊಳ್ಳುತ್ತಿತ್ತು. ಇದನ್ನು ತಲೆಕೆಳಗು ಮಾಡಿದರೂ ತನ್ನ ಭಾರಕ್ಕೆ ಜಗ್ಗುವುದು ಒಂದು ಪರಮಾಣುವಿನ ಅಗಲಕ್ಕಿಂತ ಕಡಿಮೆಯಂತೆ. ಹಗುರ, ಬಿಗಿ. ಅದಕ್ಕೇ ವೇಗವೂ. ಒಂದು ಮೈಕ್ರೋಸೆಕೆಂಡಿನೊಳಗೆ ಕೂತುಬಿಡುತ್ತದೆ. ನಮ್ಮ ಡಯಲಿನ ಒಂದು ಪಲ್ಸಿಗೆ ಸೆಕೆಂಡಿನ ಹತ್ತನೇ ಒಂದು ಪಾಲು ಬೇಕಿತ್ತು.

ಆದರೆ ವೇಗದ ಮಾತಲ್ಲಿ ನನಗೊಂದು ಕುತ್ಸಿತ ಸಂತೋಷವೂ ಸಿಕ್ಕಿತು. ಸೆಕೆಂಡಿಗೆ ನೂರು ಗಿಗಾಬಿಟ್ ಹೊತ್ತ ಬೆಳಕಿನಲ್ಲಿ, ಆ ಒಂದು ಮೈಕ್ರೋಸೆಕೆಂಡಿನೊಳಗೆ ಒಂದು ಲಕ್ಷ ಬಿಟ್ ಹಾದುಹೋಗಿರುತ್ತದೆ. ಅಷ್ಟು ಹೊತ್ತು ಡೇಟಾ ಕಾಯಲೇಬೇಕು. ಪ್ರತಿ ಪ್ಯಾಕೆಟ್ಟಿಗೂ ತಿರುಗಿಸಲಾಗುವುದಿಲ್ಲ. ದಾರಿ ಕಟ್ಟಿಕೊಟ್ಟು, ಮಾತು ಮುಗಿಯುವವರೆಗೆ ಹಾಗೇ ಬಿಟ್ಟು, ಆಮೇಲೆ ಬಿಚ್ಚುವುದು. ಟೆಲಿಫೋನ್ ಕಾಲ್! ಗೂಗಲ್‌ನವರು ತಮ್ಮ ಡೇಟಾ ಸೆಂಟರುಗಳಲ್ಲಿ ಇದೇ ರೀತಿ ಬೆಳಕಿನ ದಾರಿ ಕಟ್ಟುತ್ತಾರೆ. ಸಿಲಿಕಾನ್ ಕಾಲುವೆಯಲ್ಲಲ್ಲ, ವಾಲುವ ಪುಟ್ಟ ಕನ್ನಡಿಗಳಿಂದ. 2022ರಲ್ಲಿ ವಿವರ ಹೊರಗಿಟ್ಟ ಅವರ ಪೆಟ್ಟಿಗೆಯಲ್ಲಿ 136 ಒಳದಾರಿ, 136 ಹೊರದಾರಿ. ಕನ್ನಡಿ ವಾಲುವುದಕ್ಕೆ ಮಿಲಿಸೆಕೆಂಡುಗಳು ಬೇಕು. ಆದರೂ ಅವರಿಗೆ ಸಾಲುತ್ತದೆ. ಅಲ್ಲಿ ಏನು ಮಾತಾಡುತ್ತಿದ್ದಾರೆಂದು ಕನ್ನಡಿಗೂ ಗೊತ್ತಿಲ್ಲ, ಸಿಲೆಕ್ಟರಿಗೂ ಗೊತ್ತಿರಲಿಲ್ಲ.

*

ನ್ಯಾಯಬೆಲೆ ಅಂಗಡಿ. ಹೆಬ್ಬೆಟ್ಟು ಒತ್ತಿದೆ, ಯಂತ್ರ ಒಪ್ಪಲಿಲ್ಲ. ಮೂರು ಸಲ. ಹಿಂದಿನ ಸಾಲಿನವರ ನಿಟ್ಟುಸಿರು. ಅಂಗಡಿಯ ಹುಡುಗ, "ಬೆರಳು ಒದ್ದೆ ಮಾಡ್ಕೊಳ್ಳಿ ಯಜಮಾನ್ರೇ" ಅಂದ. ಗಾಜಿನಡಿಯಿಂದ ಕೆಂಪು ಬೆಳಕು ಬರುತ್ತಿತ್ತು. ಆಗ ಹೊಳೆಯಿತು: ಲೋಟದ ಆಟವೇ. ಬೆರಳಗೆರೆ ಗಾಜಿಗೆ ತಾಗಿದಲ್ಲಿ ಬೆಳಕು ದಾಟುತ್ತದೆ, ತಗ್ಗಿನಲ್ಲಿ ವಾಪಸ್ಸು ಬರುತ್ತದೆ. ನನ್ನದು ಒಣಗಿದ, ರಿಲೇ ಉಜ್ಜಿ ಉಜ್ಜಿ ಸವೆದ ಚರ್ಮ. ನಾನು ಒತ್ತಿದ್ದೇನೆ ಅಂದುಕೊಂಡರೂ ಗಾಜಿಗೂ ನನಗೂ ನಡುವೆ ಅರ್ಧ ಮೈಕ್ರಾನೋ ಏನೋ ಗಾಳಿ ಉಳಿದಿದೆ. ಒದ್ದೆ ಮಾಡಿ ಒತ್ತಿದೆ. ಹತ್ತು ಕೆಜಿ ಅಕ್ಕಿ.

ಹುಡುಗನಿಗೆ ವಿವರಿಸಲು ಹೊರಟೆ. ಹಿಂದಿನವರು ಬಿಡಲಿಲ್ಲ.

*

ಕೊನೆಗೆ ಉಳಿದದ್ದು ಒಂದೇ ಪ್ರಶ್ನೆ. ಫೋನಿನಲ್ಲಿ ಕೇಳಲು ಸಂಕೋಚವಾಗಿ ಬರೆದು ಕಳಿಸಿದೆ.

ನಮ್ಮಲ್ಲಿ ಕೆಟ್ಟ ಸಿಲೆಕ್ಟರನ್ನು ಮೊದಲು ಕಿವಿಯಿಂದ ಹಿಡಿಯುತ್ತಿದ್ದೆವು. ರಾತ್ರಿ ಪಾಳಿಯಲ್ಲಿ ಸದ್ದು ಕಡಿಮೆಯಾದಾಗ, ರ‍್ಯಾಕಿನ ಸಾಲಿನಲ್ಲಿ ನಡೆದು ಹೋದರೆ, ಎಲ್ಲೋ ಒಂದು ಕಡೆ ಹತ್ತುವಾಗ ಎಡವುತ್ತಿರುವುದು ಗೊತ್ತಾಗುತ್ತಿತ್ತು. ಇದೂ ಅಲ್ಲಾಡುತ್ತದೆ ಅಂತೀಯಲ್ಲ, ಸೆಕೆಂಡಿಗೆ ಲಕ್ಷಗಟ್ಟಲೆ ಸಲ ನಡುಗುವಷ್ಟು ಚುರುಕು ಅಂತೀಯಲ್ಲ. ಗಾಳಿಯಲ್ಲೇ ಇದೆಯಲ್ಲ ಅದು. ಹಾಗಾದರೆ ಎಷ್ಟೇ ಸಣ್ಣದಾದರೂ ಒಂದು ಸದ್ದು ಇರಬೇಕು. ಬಾವಲಿಗೂ ನಿಲುಕದ ಸದ್ದಾದರೂ ಸರಿ. ಹೇಗಿರುತ್ತದೆ?

ಬೆಳಿಗ್ಗೆ ಎದ್ದು ನೋಡಿದರೆ ಉತ್ತರ ಬಂದಿತ್ತು. "ಇದನ್ನ ಯಾರೂ ಕೇಳಿಲ್ಲ ಮಾಮ."

ಪ್ರಶ್ನೆಯನ್ನೋ, ಸದ್ದನ್ನೋ, ಬರೆದಿಲ್ಲ.